ಕ್ಯಾಮೆರಾಕ್ಕೆ ಸಿಗದ ಡಿಫೆಂಡರ್

ಒಮಾನಿನ ರುಸ್ತಾಕ್‌ನ ಕಾಲೇಜಿಗೆ ಬರುವ ಮೊದಲು ನಾನು ಉಡುಪಿಯಲ್ಲಿ ಮದುವೆ ವೀಡಿಯೊ ತೆಗೆಯುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಧಾರೆಯ ಗಳಿಗೆ ನನ್ನ ಕೈತಪ್ಪಿದ್ದಿಲ್ಲ. ಕೆಲಸ ಕಲಿಸಿದ ಸ್ಟುಡಿಯೊ ಧಣಿ ಮೊದಲ ದಿನವೇ ಹೇಳಿದ್ದರು: "ಮದುಮಗ, ಮದುಮಗಳ ಮುಖ ಬಿಡ್ಲಿಕ್ಕಿಲ್ಲ ಮಾರಾಯ. ಉಳಿದವರು ಬಂದ್ರೂ ಆಯ್ತು, ಬರದಿದ್ರೂ ಆಯ್ತು."

ಕಾಲೇಜಿನಲ್ಲಿ ನನಗೆ ಪ್ರೊಜೆಕ್ಟರ್, ಮೈಕು, ಸ್ಪೀಕರ್ ನೋಡಿಕೊಳ್ಳುವ ಕೆಲಸ. ನನಗೆ ಕ್ಯಾಮೆರಾ ಹಿಡಿಯಲು ಬರುತ್ತದೆಂದು ಗೊತ್ತಾದ ಮೇಲೆ ಫುಟ್‌ಬಾಲ್ ಪಂದ್ಯಗಳ ಚಿತ್ರೀಕರಣವೂ ನನ್ನ ಕೊರಳಿಗೆ ಬಿತ್ತು. ನಿಜ ಹೇಳುವುದಾದರೆ ಬಿದ್ದದ್ದಲ್ಲ, ನಾನೇ ಹಾಕಿಕೊಂಡದ್ದು. ಚಳಿಗಾಲದ ಸಂಜೆ ನಾಲ್ಕು ಗಂಟೆಗೆ ಮೈದಾನದ ಹಿಂದಿನ ಬೋಳು ಗುಡ್ಡದ ಮೇಲೆ ಬೀಳುವ ಬಿಸಿಲು ನೋಡಿದರೆ ಯಾವ ಕ್ಯಾಮೆರಾದವನಿಗೂ ಕೈ ತುರಿಸುತ್ತದೆ.

ಆ ವರ್ಷ ನಮ್ಮ ತಂಡದ ಟ್ಯುನೀಷಿಯಾದ ಕೋಚ್ ಕರಾವಳಿಯ ಒಂದು ಕ್ಲಬ್ಬಿಗೆ ಮೂವರು ಹುಡುಗರನ್ನು ಶಿಫಾರಸು ಮಾಡಿದರು. ಇಬ್ಬರು ಗೋಲು ಹೊಡೆಯುವವರು, ಮೂರನೆಯವನು ಗೋಲ್‌ಕೀಪರ್‌ನ ಮುಂದೆ ನಿಲ್ಲುವ ಡಿಫೆಂಡರ್. ಈ ಮೂರನೆಯವನು ಬಲೂಚಿ ಮನೆತನದವನು, ನನ್ನ ಜೊತೆ ಹಿಂದಿಯಲ್ಲೇ ಮಾತು, ನನ್ನನ್ನು ಕರೆಯುವುದು "ಉಸ್ತಾದ್" ಎಂದು. ಅವನದು ಕೊನೆಯ ಸೆಮಿಸ್ಟರ್. ಮರುಭೂಮಿಯ ತೈಲ ಕ್ಯಾಂಪಿನಲ್ಲಿ ಕೆಲಸ ಗೊತ್ತಾಗಿತ್ತು. ಕ್ಲಬ್ಬಿನ ಕರೆ ಬರದಿದ್ದರೆ ಮುಂದಿನ ತಿಂಗಳು ಅಲ್ಲಿಗೆ. ಅಲ್ಲಿಗೆ ಹೋದರೆ ಆಟ ಖಲಾಸ್.

ಕ್ಲಬ್ಬಿನವರು ಒಂದು ಪಂದ್ಯದ ವೀಡಿಯೊ ಕೇಳಿದರು. ನಾನು ಜೀವ ತೇದು ಮಾಡಿದೆ. ಗೋಲುಗಳಿಗೆ ಸ್ಲೋ ಮೋಷನ್ ಹಾಕಿದೆ, ಹೊಡೆದವನ ಬೆವರಿದ ಮುಖಕ್ಕೆ ಜೂಮ್ ಹೋದೆ. ಗುಲಾಬಿ ಎಸಳು ಉದುರಿಸುವುದೊಂದು ಬಾಕಿ. ಕಳುಹಿಸಿದ ಮೇಲೆ ಎರಡು ದಿನ ಎದೆಯುಬ್ಬಿಸಿಕೊಂಡು ತಿರುಗಾಡಿದೆ.

ಮೂರನೆಯ ದಿನ ಕೋಚ್ ತಮ್ಮ ಫೋನ್ ತೋರಿಸಿದರು. ಗೋಲು ಹೊಡೆಯುವ ಇಬ್ಬರಿಗೂ ಕರೆ ಬಂದಿತ್ತು. ಡಿಫೆಂಡರ್ ಬಗ್ಗೆ ಒಂದೇ ಸಾಲು: ಈ ಹುಡುಗ ನಿಜವಾಗಿ ಆಡಿದ್ದಾನೆಯೇ?

ನನಗೆ ಸಿಟ್ಟು ಬಂತು, ಕ್ಲಬ್ಬಿನವರ ಮೇಲೆ. ಕಣ್ಣಿದ್ದೂ ಕಾಣದವರು ಎಂದು ಬೈದುಕೊಂಡೇ ಮನೆಗೆ ಬಂದೆ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಹೆಂಡತಿಯನ್ನು ಕೂರಿಸಿ, "ನೋಡು, ಹನ್ನೆರಡನೇ ನಂಬರಿನವನು. ನೀನೇ ಹೇಳು," ಎಂದೆ. ಅವಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಫುಟ್‌ಬಾಲ್ ಅಂದರೆ ಆಗದು, ಆದರೆ ಹುಡುಕಲು ಕೂತರೆ ಬಿಡುವವಳಲ್ಲ.

ಅರ್ಧ ಗಂಟೆ ನೋಡಿದಳು. "ಎಲ್ಲುಂಟು ಮಾರಾಯ್ರೆ ನಿಮ್ಮ ಹನ್ನೆರಡು? ಒಂದು ಹಳದಿ ಶೂ ಮೂಲೆಯಲ್ಲಿ ಬರ್ತದೆ, ಹೋಗ್ತದೆ. ಅಷ್ಟೆ."

ಚೆಂಡು ನಮ್ಮ ಗೋಲಿನ ಕಡೆ ಬಂದಾಗಲೆಲ್ಲ ಆ ಹಳದಿ ಶೂ ಫ್ರೇಮಿನ ಅಂಚಿನಲ್ಲಿ ಕಾಣುತ್ತಿತ್ತು. ಎದುರಾಳಿ ಹಿಂದೆ ತಿರುಗುತ್ತಿದ್ದ, ಅಪಾಯ ಕಳೆಯುತ್ತಿತ್ತು. ನನ್ನ ಕ್ಯಾಮೆರಾ ಅಷ್ಟರಲ್ಲಿ ಚೆಂಡಿನ ಬೆನ್ನು ಹತ್ತಿ ಇನ್ನೊಂದು ತುದಿಗೆ ಓಡಿರುತ್ತಿತ್ತು.

"ನೀವು ಮದುವೆ ತೆಗ್ದ ಹಾಗೆ ತೆಗ್ದಿದ್ದೀರಿ," ಎಂದಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನಮ್ಮ ಮದುವೆ ಸಿ.ಡಿ.ಯಲ್ಲಿ ನನ್ನ ಅಪ್ಪ ಎಲ್ಲುಂಟು ಹೇಳಿ?"

ಅದು ನಮ್ಮ ಧಣಿಯೇ ನಿಂತು ತೆಗೆದ ಸಿ.ಡಿ. ನನ್ನ ಮಾವ ಆ ದಿನ ಬೆಳಿಗ್ಗೆಯಿಂದ ಪಂಕ್ತಿ ಪಂಕ್ತಿಗೂ ಓಡಾಡಿ, ಅಡುಗೆಯವರನ್ನು, ಬೀಗರನ್ನು, ಕೈಕೊಟ್ಟ ಜನರೇಟರನ್ನು ಒಬ್ಬರೇ ಸುಧಾರಿಸಿದವರು. ಮೂರು ಗಂಟೆಯ ಸಿ.ಡಿ.ಯಲ್ಲಿ ಸಾರಿನ ಬಕೆಟ್ ಹಿಡಿದ ಅವರ ಮೊಣಕೈ ಮಾತ್ರ ಇದೆ. ಮರುವರ್ಷ ಅವರು ತೀರಿಕೊಂಡರು. ಆ ಮೊಣಕೈ ಬರುವ ಜಾಗದಲ್ಲಿ ಇವಳು ಇವತ್ತಿಗೂ ನಿಲ್ಲಿಸಿ ನೋಡುತ್ತಾಳೆ.

ಮರುದಿನ ಕೋಚ್ ಹತ್ತಿರ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಆ ಸೆಮಿಸ್ಟರಿನಲ್ಲಿ ಇನ್ನೊಂದೇ ಪಂದ್ಯ ಬಾಕಿ ಇತ್ತು. ಅವತ್ತು ಮೆಟ್ಟಿಲಿನ ಮೇಲೆ ಟ್ರೈಪಾಡ್ ಊರಿ ಹನ್ನೆರಡನೇ ನಂಬರಿಗೆ ಕ್ಯಾಮೆರಾ ಹಿಡಿದೆ. ಗ್ಯಾಲರಿ ಕೂಗಿದಾಗಲೆಲ್ಲ ಕೈ ತಾನಾಗಿ ಚೆಂಡಿನ ಕಡೆ ತಿರುಗಲು ನೋಡುತ್ತಿತ್ತು. ಹಲ್ಲು ಕಚ್ಚಿ ನಿಂತೆ.

ಎರಡು ವರ್ಷದಿಂದ ಆ ತಂಡವನ್ನು ಚಿತ್ರೀಕರಿಸಿದ್ದ ನಾನು ಆ ಹುಡುಗನ ಆಟ ನೋಡಿದ್ದು ಅದೇ ಮೊದಲು. ಒಂದು ಗಳಿಗೆಯೂ ಅವನ ತಲೆ ಸುಮ್ಮನಿರಲಿಲ್ಲ: ಎಡಕ್ಕೆ, ಬಲಕ್ಕೆ, ಹೆಗಲ ಮೇಲಿಂದ ಹಿಂದಕ್ಕೆ. ಎದುರಾಳಿ ಪಾಸ್ ಕೊಡುವ ಯೋಚನೆ ಮಾಡುವಷ್ಟರಲ್ಲಿ ಇವನು ಎರಡು ಹೆಜ್ಜೆ ಸರಿದು ಆ ದಾರಿಯಲ್ಲಿ ನಿಂತಿರುತ್ತಿದ್ದ. ಪಕ್ಕದವನು ಜಾಗ ಬಿಟ್ಟರೆ ಬೈಯುತ್ತಿರಲಿಲ್ಲ, ಕೈಯಿಂದ ತೋರಿಸಿ, ತಾನೇ ಹೋಗಿ ತುಂಬುತ್ತಿದ್ದ. ಎದುರಿನ ಎಡಗಾಲಿನಲ್ಲಿ ಆಡುವ ಹುಡುಗನನ್ನು ಮುಟ್ಟದೆಯೇ ಬಲಗಾಲಿನಲ್ಲಿ ಆಡುವ ಹಾಗೆ ಮಾಡಿದ. ಪಾಪ, ಅವನಿಗೆ ಆ ಕಾಲಿನಲ್ಲಿ ಏನೂ ಬರುತ್ತಿರಲಿಲ್ಲ. ತೊಂಬತ್ತು ನಿಮಿಷವಾದರೂ ಇವನ ಬಿಳಿ ಚಡ್ಡಿಗೆ ಮಣ್ಣು ತಾಗಿರಲಿಲ್ಲ, ಏಕೆಂದರೆ ಒಮ್ಮೆಯೂ ಬೀಳುವ ಪ್ರಸಂಗ ಬರಲಿಲ್ಲ. ಕಾಲೇಜು ಹುಡುಗರ ನಡುವೆ ಇಂಥವನೊಬ್ಬ ಇದ್ದನೆಂದು ನನಗೆ ಹೆಮ್ಮೆಯಾಯಿತು, ಇಷ್ಟು ದಿನ ಕಾಣದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಂದು ಕಡೆಯೂ ಕತ್ತರಿ ಹಾಕದೆ ಪೂರ್ತಿ ಕಳುಹಿಸಿದೆವು. ಕೋಚ್ ನೋಡಿ ನಕ್ಕರು, "ಚೆಂಡೇ ಇಲ್ಲವಲ್ಲ!" ಆರು ದಿನ ಏನೂ ಬರಲಿಲ್ಲ. ಹುಡುಗ ಕ್ಯಾಂಪಿಗೆಂದು ದಪ್ಪ ಅಡಿಯ ಬೂಟು ಕೊಂಡೂ ಆಗಿತ್ತು. ಏಳನೆಯ ದಿನ ಮಧ್ಯಾಹ್ನ ಅವನೇ ನನ್ನ ಮೈಕ್ ರೂಮಿಗೆ ಓಡಿ ಬಂದ. ಟ್ರಯಲ್‌ಗೆ ಕರೆದಿದ್ದರು. ನನ್ನ ಎರಡೂ ಹೆಗಲು ಹಿಡಿದು ಅಲುಗಾಡಿಸಿದ, ನನ್ನ ಕನ್ನಡಕ ಕೆಳಗೆ ಬಿತ್ತು.

ಟ್ರಯಲ್‌ನಲ್ಲಿ ಅವನನ್ನು ಆಯ್ದುಕೊಂಡರು. ಗೋಲು ಹೊಡೆಯುವ ಇಬ್ಬರಲ್ಲಿ ಒಬ್ಬ ವಾಪಸ್ ಬಂದ. ನಮ್ಮ ಡಿಫೆಂಡರ್ ಕೆಲವು ತಿಂಗಳು ಬೆಂಚಿನಲ್ಲಿ ಕೂತ, ಆಮೇಲೆ ಆಡಿದ. ಮೊದಲ ಪಂದ್ಯ ಟಿವಿಯಲ್ಲಿ ಬಂತು. ನಾನೂ ಹೆಂಡತಿಯೂ ನೋಡಿದೆವು: ಮೂಲೆಯಲ್ಲಿ ಹಳದಿ ಶೂ ಬಂತು, ಹೋಯಿತು. ಅವನ ತಂಡ ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಪಂದ್ಯ ಮುಗಿದ ಮೇಲೆ ಫೋನ್ ಮಾಡಿದ. "ಉಸ್ತಾದ್, ಅಮ್ಮ ಟಿವಿ ಮುಂದೆಯೇ ಕೂತಿದ್ದಳು. ನೀನು ನಿಜವಾಗಿ ಆಡಿದೆಯಾ ಅಂತ ಕೇಳ್ತಿದ್ದಾಳೆ. ಮುಂದಿನ ಶುಕ್ರವಾರ ನಿಮ್ಮ ಕ್ಯಾಮೆರಾ ತರ್ತೀರಾ?"

ಶುಕ್ರವಾರ ಊಟ ಮುಗಿಸಿ ಕ್ಲಬ್ಬಿನ ಊರಾದ ಸಹಮ್ ಕಡೆ ಹೊರಟೆವು. ದಾರಿಯುದ್ದಕ್ಕೂ ಹೆಂಡತಿ ಟ್ರೈಪಾಡನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಆಟ ಶುರುವಾಗುವಾಗ ನನ್ನ ಕಿವಿಯ ಹತ್ತಿರ ಬಂದು, "ಅವನ ಮುಖ ಬಿಡ್ಲಿಕ್ಕಿಲ್ಲ ಆಯ್ತಾ," ಎಂದಳು.

ಆ ದಿನ ಅವನ ತಂಡ ಎರಡು ಗೋಲು ಹೊಡೆಯಿತಂತೆ. ನನ್ನ ವೀಡಿಯೊದಲ್ಲಿ ಒಂದೂ ಇಲ್ಲ.