ಕೇಳದೆ ತೋರಿಸಿದ ನಾಲ್ಕು ನಿಮಿಷ

ಬೆಳಗಿನ ಐದೂವರೆ. ಗಾಂಧಿ ಬಜಾರಿನಲ್ಲಿ ಹೂವಿನ ಮೂಟೆಗಳನ್ನು ಈಗಷ್ಟೇ ಇಳಿಸುತ್ತಿದ್ದಾರೆ. ಕ್ಯಾಮೆರಾ ಹಿಡಿದ ಸತೀಶ್ ಫುಟ್‌ಪಾತಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲಿನ ತುದಿಗೆ ಕಟ್ಟಿದ ಮೈಕು ಎತ್ತಿ ನಿಂತವರು ಚೂಡಾಮಣಿ, ಈ ಸಾಕ್ಷ್ಯಚಿತ್ರದ ನಿರ್ಮಾಪಕಿ. ಮೈಕು ಹಿಡಿಯಲು ಬೇರೆ ಜನವಿಲ್ಲ. ಹತ್ತು ಗಂಟೆಗೆ ಅವರು ಯಾವುದೋ ಕಂಪನಿಯ ಹಾಲಿನಲ್ಲಿ ಅಧಿಕಾರಿಗಳಿಗೆ ನಾಯಕತ್ವದ ಪಾಠ ಹೇಳುತ್ತಿರುತ್ತಾರೆ.

ಐವತ್ತೆರಡರ ಚೂಡಾಮಣಿ ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ಹದಿನೆಂಟು ವರ್ಷ ಪಾಠ ಮಾಡಿ, 1995ರಲ್ಲಿ ಕೆಲಸ ಬಿಟ್ಟವರು. ವಾರದಲ್ಲಿ ನಾಲ್ಕು ದಿನ ತರಬೇತಿ, ಉಳಿದ ಮೂರು ದಿನ, ಜೊತೆಗೆ ಹೀಗೆ ಸಿಕ್ಕ ಬೆಳಗಿನ ಹೊತ್ತು, ಸಿನಿಮಾ. ಒಂಬತ್ತು ವರ್ಷಗಳಲ್ಲಿ ಮೂರು ಚಿತ್ರ ಮುಗಿಸಿದ್ದಾರೆ. ಹೂ ಕಟ್ಟುವವರ ಕುರಿತ ಇದು ನಾಲ್ಕನೆಯದು. ಗಾಂಧಿನಗರದ ವಿತರಕರು ಹಾಡೆಷ್ಟಿವೆ ಎಂದು ಕೇಳಿ, ಕಾಫಿ ಕುಡಿಸಿ ಕಳಿಸಿದ್ದಾರೆ. ಕಂಪನಿಯವರಿಗೆ ಇವರು ಸಿನಿಮಾದವರು, ಸಿನಿಮಾದವರಿಗೆ ಕಂಪನಿಯವರು. ಎರಡೂ ಕಡೆ ಲೆಕ್ಕಕ್ಕಿಲ್ಲ.

ಮೂರನೆಯ ಚಿತ್ರ ಮಾತ್ರ ಮನೆಯ ಬೀರುವಿನಲ್ಲೇ ಇದೆ. ಅದು ಚಾಮರಾಜಪೇಟೆಯ ರಸ್ತೆ ಗುಡಿಸುವ ಹೆಂಗಸರ ಚಿತ್ರ. ಹದಿನಾಲ್ಕು ವರ್ಷ ಅಲ್ಲಿ ಪೊರಕೆ ಹಿಡಿದ ಮುನಿಲಕ್ಷ್ಮಮ್ಮ ಒಂದು ವರ್ಷ ಬಾಯಿಯನ್ನೇ ಬಿಟ್ಟಿರಲಿಲ್ಲ. ಕೊನೆಗೊಂದು ದಿನ, ಜ್ವರದಲ್ಲಿ ಗುಡಿಸಿದರೂ ಮೇಸ್ತ್ರಿ ಹಾಜರಿ ಹಾಕದೆ ಬೈದು ಕಳಿಸಿದ್ದನ್ನು ಕ್ಯಾಮೆರಾ ಮುಂದೆ ನಾಲ್ಕು ನಿಮಿಷ ಹೇಳಿದರು.

ಅದೇ ತಿಂಗಳು ಕಸದ ಗುತ್ತಿಗೆದಾರನೊಬ್ಬ ತನ್ನ ಮೇಸ್ತ್ರಿಗಳಿಗೆ ತರಬೇತಿ ಕೊಡಿ ಎಂದು ಬಂದ. ಚೂಡಾಮಣಿಗೆ ಹಿಗ್ಗೋ ಹಿಗ್ಗು. ತಮ್ಮ ಎರಡು ಕೆಲಸಗಳು ಕಡೆಗೂ ಒಂದೇ ಕಡೆ ಕೂಡಿ ಬಂದವಲ್ಲ! ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಮೂವತ್ತು ಮೇಸ್ತ್ರಿಗಳು, ಮುಂದಿನ ಸಾಲಿನಲ್ಲಿ ಗುತ್ತಿಗೆದಾರ. ಕೈಕೆಳಗಿನವರನ್ನು ಗೌರವದಿಂದ ನಡೆಸಿಕೊಳ್ಳುವುದು ಅಂದಿನ ಪಾಠ. ಇವರೆಲ್ಲ ಬೇರೆ ವಾರ್ಡಿನವರು ಎಂಬ ಧೈರ್ಯದಲ್ಲಿ ಆ ನಾಲ್ಕು ನಿಮಿಷವನ್ನು ಟೀವಿಯಲ್ಲಿ ಹಾಕಿ ತೋರಿಸಿದರು. ಚಪ್ಪಾಳೆ ಬಿತ್ತು. ಈ ಊರಿನಲ್ಲಿ ಚಪ್ಪಾಳೆಗೇನೂ ಬರಗಾಲವಿಲ್ಲ. ಆದರೆ ಚಾಮರಾಜಪೇಟೆಯ ಗುತ್ತಿಗೆ ಆ ಗುತ್ತಿಗೆದಾರನ ಭಾವಮೈದುನನದು. ಇವನು ಅವನಿಗೆ ಹೇಳಿದ. ಸೋಮವಾರ ಮುನಿಲಕ್ಷ್ಮಮ್ಮನಿಗೆ ಕೆಲಸವಿರಲಿಲ್ಲ.

ಚೂಡಾಮಣಿ ತರಬೇತಿ ಮಾಡಿಸಿದ್ದ ಗುತ್ತಿಗೆದಾರನ ಆಫೀಸಿಗೆ ಹೋಗಿ ಎರಡು ಗಂಟೆ ಕಾದು, ತಪ್ಪು ತಮ್ಮದು ಎಂದು ಬೇಡಿಕೊಂಡರು. ಅವನು ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ತೀರ್ಮಾನ ತಗೊಂಡ್ಮೇಲೆ ಲೀಡರ್ ಆದೋನು ಅಲ್ಲಾಡಬಾರ್ದು ಅಂತ ನೀವೇ ಹೇಳ್ಕೊಟ್ರಲ್ಲ ಮೇಡಂ."

ತಾವು ಮಾರ್ಕರಿನಲ್ಲಿ ಬರೆದ ಮಾತುಗಳೆಲ್ಲ ಎಂಥವರ ಕೈಗೆ ಹೋಗಿವೆಯೋ ಎಂದು ಚೂಡಾಮಣಿಗೆ ಈಗಲೂ ಭಯ. ತರಬೇತಿ ಬಿಟ್ಟುಬಿಡೋಣವೆಂದರೆ ದುಡ್ಡಿಲ್ಲದೆ ಸಿನಿಮಾ ನಿಲ್ಲುತ್ತದೆ. ಹಾಗಾಗಿ ಹಲ್ಲುಕಚ್ಚಿ ಎರಡನ್ನೂ ನಡೆಸುತ್ತಿದ್ದಾರೆ.

ಮುನಿಲಕ್ಷ್ಮಮ್ಮ ಈಗ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಕ್ಷಮೆ ಕೇಳಲು ಬಂದವರನ್ನು ಚಾಪೆ ಹಾಸಿ ಕೂರಿಸಿದರಂತೆ. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದ ಚೂಡಾಮಣಿಗೆ ಸಿಕ್ಕಿದ್ದು ಇಷ್ಟೇ:

"ನೀವೇನ್ ಬೇಕೂಂತ ಮಾಡುದ್ರಾ ಅಮ್ಮ. ಆದ್ರೂ ನಂಗೊಂದ್ ಮಾತು ಕೇಳ್ಬೋದಿತ್ತು."

ಎರಡೂ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಇದನ್ನೇ, ಅದನ್ನೇ ನಾನು ಕಲಿಯಲಿಲ್ಲ ಎನ್ನುತ್ತಾರೆ ಚೂಡಾಮಣಿ.

ಮಲ್ಲೇಶ್ವರದ ಸಂಘವೊಂದು ಆ ಚಿತ್ರ ತೋರಿಸಿ ಸನ್ಮಾನ ಮಾಡುತ್ತೇವೆ ಎಂದು ಎರಡು ಸಲ ಪತ್ರ ಬರೆದಿದೆ. ಇವರು ಒಪ್ಪಿಲ್ಲ. ಬೇರೆ ವಾರ್ಡುಗಳ ಗುತ್ತಿಗೆದಾರರ ಬಳಿ ಮುನಿಲಕ್ಷ್ಮಮ್ಮನ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಇಲ್ಲಿಯವರೆಗೆ ಐದು ಕಡೆ ಇಲ್ಲ ಎನಿಸಿಕೊಂಡಿದ್ದಾರೆ. ಸನ್ಮಾನ ಹೋದರೂ ಪರವಾಗಿಲ್ಲವೇ ಎಂದರೆ, ಮೈಕಿನ ಕೋಲನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಳ್ಳುತ್ತಾರೆ.

"ಮೊದ್ಲು ಅವ್ರಿಗೆ ಕೆಲ್ಸ ಸಿಗ್ಲಿ. ಆಮೇಲೆ ಅವ್ರ ಹತ್ರಾನೇ ಹೋಗಿ, ಚಿತ್ರ ತೋರಿಸ್ಲಾ ಅಂತ ಕೇಳ್ತೀನಿ. ಬೇಡ ಅಂದ್ರೆ, ಬೇಡ."