ಕುಗ್ಗದ ಹಾಳೆ

ಒಂದು ಸುರುಳಿ ಪ್ಲಾಸ್ಟಿಕ್ ಹಾಳೆಗೆ ನಾನು ತೆತ್ತ ಬೆಲೆ ಒಂದು ಮಿಠಾಯಿ ಅಂಗಡಿ. ವಿಜಯಪುರದ ಆ ಅಂಗಡಿಯವರು ನಮ್ಮ ತಿಕೋಟಾದ ಒಣದ್ರಾಕ್ಷಿ ಮೆಚ್ಚಿ, ಮೊದಲ ಸಲ ನಲವತ್ತು ಡಬ್ಬಿ ಕೇಳಿದ್ದರು. ಡಬ್ಬಿಯ ಮೇಲೆ ಹಾಳೆ ಚರ್ಮದಂತೆ ಬಿಗಿದಿರಬೇಕು, ಅಷ್ಟೇ ಷರತ್ತು. ಅದು ಸರಿಹೋದರೆ ವರ್ಷವಿಡೀ ಅವರು ನನ್ನ ಗಿರಾಕಿ.

ಪ್ಯಾಕಿಂಗ್ ಸಾಮಾನಿನ ಅಂಗಡಿಗೆ ಹೋಗಿ, ಬಿಸಿಗಾಳಿಗೆ ಕುಗ್ಗುವ ಹಾಳೆ ಕೇಳಿದೆ. ಅಂಗಡಿಯವ ಎರಡು ಸುರುಳಿ ಮುಂದಿಟ್ಟ. ಎರಡನ್ನೂ ಜಗ್ಗಿ ನೋಡಿದೆ. ಒಂದು ಪರಪರ ಅಂದಿತೇ ಹೊರತು ಜಗ್ಗಲಿಲ್ಲ. ಇನ್ನೊಂದು ಚೆನ್ನಾಗಿ ಹಿಗ್ಗಿತು. ಹಿಗ್ಗುವುದೇ ಕುಗ್ಗುತ್ತದೆ ಎಂದುಕೊಂಡು, ಅರ್ಧ ತಾಸು ಚೌಕಾಸಿ ಮಾಡಿ ಅದನ್ನೇ ತಂದೆ. ಬೆಲೆ ಬಿಟ್ಟರೆ ಹಾಳೆಯ ಬಗ್ಗೆ ಆತ ಏನೂ ಹೇಳಲಿಲ್ಲ, ನಾನೂ ಅವನ ಮಾತಿಗೆ ಬಿಡುವು ಕೊಡಲಿಲ್ಲ.

ಮರುದಿನ ಹೆಂಡತಿಯೂ ನಾನೂ ಡಬ್ಬಿಗೆ ಹಾಳೆ ಸುತ್ತಿ ಬಿಸಿಗಾಳಿ ಊದುವ ಯಂತ್ರ ಹಿಡಿದೆವು. ಕುಗ್ಗಲಿಲ್ಲ. ಜೋತುಬಿತ್ತು, ತೂತುಬಿತ್ತು, ಡಬ್ಬಿಗೆ ಅಂಟಿತು.

"ಎಮ್ಮಿ ಬಾಲ ಜಗ್ಗಿದಂಗ ಜಗ್ಗಿ ಜಗ್ಗಿ ತಂದೀರಲ್ಲ, ನೋಡ್ರಿ ಈಗ," ಎಂದಳು.

ಸುರುಳಿ ಹೊತ್ತು ಅದೇ ಅಂಗಡಿಗೆ ಹೋದೆ. "ಯಪ್ಪಾ, ಎಂಥಾ ಮಾಲ್ ಕೊಟ್ಟೀಪಾ ಇದು?"

"ನೀವ ಆರಿಸಿದ್ರಲ್ಲರಿ ಅಣ್ಣಾರ."

"ಕುಗ್ಗಂಗಿಲ್ಲ ಅನ್ನೂದು ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ. ನೀವು ಮಾತಾಡಾಕ ಬಿಟ್ರ ಹೇಳ್ತಿದ್ನಿ."

ಹೀಗಂದವನು ಪರಪರ ಹಾಳೆಯ ತುಂಡೊಂದನ್ನು ಪಕ್ಕದ ಚಹಾದಂಗಡಿಯ ಕುದಿಯುವ ನೀರಿಗೆ ಹಾಕಿದ. ಕ್ಷಣದಲ್ಲಿ ಮುದುಡಿ ಅರ್ಧವಾಯಿತು! ಕಾರಣವನ್ನೂ ಅವನೇ ಹೇಳಿದ. ಪ್ಲಾಸ್ಟಿಕ್ ಒಳಗೆ ಉಣ್ಣೆಯಂತೆ ಸಿಕ್ಕುಸಿಕ್ಕಾದ ಉದ್ದನೆಯ ಎಳೆಗಳು. ಕಾರ್ಖಾನೆಯಲ್ಲಿ ಹಾಳೆಯನ್ನು ಕಾಯಿಸಿ, ಜಗ್ಗಿ, ಜಗ್ಗಿದಂತೆಯೇ ತಣಿಸುತ್ತಾರೆ. ಎಳೆಗಳು ನೆಟ್ಟಗೆ ಸೆಟೆದು ಹಾಗೇ ನಿಲ್ಲುತ್ತವೆ. ಮತ್ತೆ ಬಿಸಿ ತಗುಲಿದರೆ ಸಡಿಲಗೊಂಡು ಮೊದಲಿನ ಸಿಕ್ಕಿಗೆ ಮರಳುತ್ತವೆ, ಹಾಳೆ ಕುಗ್ಗುತ್ತದೆ. ಮೊದಲೇ ಜಗ್ಗಿಸಿಕೊಂಡದ್ದು ನನ್ನ ಕೈಗೆ ಇನ್ನೆಲ್ಲಿ ಹಿಗ್ಗೀತು? ನಾನು ತಂದದ್ದನ್ನು ಯಾರೂ ಹಾಗೆ ಜಗ್ಗಿ ತಣಿಸಿರಲಿಲ್ಲ.

ಇಷ್ಟೆಲ್ಲ ಬಲ್ಲವನು ಮೊನ್ನೆ ಸುಮ್ಮನೆ ಕೂತಿದ್ದ! ನನ್ನ ಬಾಯಿಗೂ ಬೆಂಕಿ ಬೀಳಲಿ, ಅವನ ಮೌನಕ್ಕೂ.

ಸರಿಯಾದ ಹಾಳೆ ಸುತ್ತಿ ಒಯ್ಯುವಷ್ಟರಲ್ಲಿ ಮಿಠಾಯಿ ಅಂಗಡಿಯವರು ಬಬಲೇಶ್ವರದವರೊಬ್ಬರ ಒಣದ್ರಾಕ್ಷಿ ಇಳಿಸಿಕೊಂಡಿದ್ದರು. ಇಂದಿಗೂ ಅವರದ್ದೇ. ಆ ದಾರಿಯಲ್ಲಿ ಹೋದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನೀವು ಇಂಥ ಹಾಳೆ ಕೊಳ್ಳುವಾಗ ಜಗ್ಗಬೇಡಿ. ಗೇಣುದ್ದ ತುಂಡು ಕೇಳಿ, ಕುದಿಯುವ ನೀರಿಗೆ ಹಾಕಿ, ಕುಗ್ಗಿದ ಮೇಲೆಯೇ ಬೆಲೆಯ ಮಾತು ತೆಗೆಯಿರಿ. ಅದಕ್ಕೂ ಮೊದಲು ಅಂಗಡಿಯವನಿಗೆ ಮಾತಾಡಲು ಬಿಡಿ. ಆಗಲೂ ಬಾಯಿ ಮುಚ್ಚಿಕೊಂಡಿದ್ದರೆ, ಎದ್ದು ಬನ್ನಿ.