ಕಾಜಾ ಅಕ್ಕ ಹಿಡಿದ ಜಾಗ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕೋಟುಗಳಿಗೆ ಕಾಜಾ ಹಾಕುವವಳನ್ನು ನಾವೆಲ್ಲ ಕಾಜಾ ಅಕ್ಕ ಎಂದೇ ಕರೆಯುತ್ತೇವೆ. ಗುಂಡಿ ತೂರಿಸುವ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಹಾಕಿ ಗಟ್ಟಿ ಮಾಡುವುದು ಅವಳ ಕೆಲಸ. ಅದಕ್ಕೆ ಮಿಷನ್ನು ಬಂದು ಎಷ್ಟೋ ಕಾಲವಾಯಿತು. ಆದರೆ ಮಿಷನ್ನು ಹಾಕಿದ ಕಾಜಾ ಕೆಲವು ಸಲ ಒಗೆಯುವಷ್ಟರಲ್ಲಿ ಬಾಯಿ ಬಿಡುತ್ತದೆ, ಅಕ್ಕ ಹಾಕಿದ್ದು ಕೋಟು ಹರಿದರೂ ಹಾಗೇ ಇರುತ್ತದೆ. ಯಾರನ್ನಾದರೂ ಹೊಗಳುವುದೆಂದರೆ ನನಗೆ ಅಷ್ಟಕ್ಕಷ್ಟೆ. ಪ್ಯಾಂಟುಗಳಿಗೆ ಜಿಪ್ಪು ಹಾಕುವವಳೆಂದು ನನ್ನನ್ನು ಜಿಪ್ಪಮ್ಮ ಎನ್ನುತ್ತಾರೆ, ಬಾಯಿಗೊಂದು ಹಾಕಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಬೆನ್ನ ಹಿಂದೆ ಸೇರಿಸುತ್ತಾರೆ. ಅಂಥ ನಾನೇ ಒಬ್ಬಳ ಬಗ್ಗೆ ಒಳ್ಳೆಯ ಮಾತು ಹೇಳಲು ಕೂತಿದ್ದೇನೆಂದರೆ ಅದಕ್ಕೆ ಕಾರಣವಿದೆ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಬಾಗಿಲ ಹತ್ತಿರ ಬಟ್ಟೆ ಕತ್ತರಿಸುವ ಮಾಸ್ಟ್ರು, ನಡುವೆ ನಾನು, ಕಿಟಕಿಯ ಬೆಳಕಿಗೆ ಅಕ್ಕ, ಹಿಂದುಗಡೆ ಹಬೆಯಲ್ಲಿ ಬೇಯುತ್ತ ಇಸ್ತ್ರಿಯಣ್ಣ. ಶುಕ್ರವಾರ ಮಧ್ಯಾಹ್ನ ಚಹಾ ಬಂತೆಂದರೆ ನಾಲ್ವರೂ ಅಕ್ಕನ ಕಿಟಕಿಯ ಬಳಿ ಸೇರುತ್ತೇವೆ. ಭಾನುವಾರದ ಸಂಜೆ ಯಾರು ಎಲ್ಲಿಗೆ ಹೋಗುತ್ತೇವೆಂದು ಅಲ್ಲಿ ಹೇಳಬೇಕು. ಹೇಳಿದ್ದನ್ನು ಅಕ್ಕ ಹಾಗೇ ಒಪ್ಪುವವಳಲ್ಲ. ನಮ್ಮ ಪ್ಲಾನನ್ನು ಬಿಚ್ಚಿ, ಮತ್ತೆ ಹೊಲಿದು, ನಮ್ಮ ಅಳತೆಗೆ ಸರಿಮಾಡಿ ಕೈಗೆ ಕೊಡುತ್ತಾಳೆ.

"ಕೆರೆ ಕಡೆ ಹೋಗಿ ಬರೋಣ ಅಂತಿದೀನಿ ಅಕ್ಕ," ಎಂದು ಇಸ್ತ್ರಿಯಣ್ಣ ಬಾಯಿ ತೆರೆದರೆ ಸಾಕು.

"ಹೆಂಡತೀನ ಕರ್ಕೊಂಡು ತಾನೆ? ಹಾಗಾದ್ರೆ ದೋಣಿ ಹತ್ತೋ ಕಡೆಯಿಂದ ಹೋಗ್ಬೇಡಿ. ಅಲ್ಲಿ ಮೆಟ್ಟಿಲು ಜಾಸ್ತಿ, ಅವಳಿಗೆ ಮಂಡಿನೋವು. ಹಿಂದಿನ ಗೇಟಿಂದ ಹೋಗಿ. ಒಳಗೆ ಹೋದ ತಕ್ಷಣ ದೊಡ್ಡ ಮರ ಸಿಗತ್ತಲ್ಲ, ಅದರ ಕೆಳಗಿನ ಬೆಂಚಲ್ಲಿ ಬಿಸಿಲು ಬೀಳಲ್ಲ. ಸೂರ್ಯ ಪೂರ್ತಿ ಇಳಿಯೋವರೆಗೂ ಕೂತಿರಿ, ಯಾರೋ ಅಟ್ಟಿಸ್ಕೊಂಡು ಬಂದೋರ ಹಾಗೆ ಎದ್ದು ಬರ್ಬೇಡಿ."

ಮಾಸ್ಟ್ರಿಗೆ ಸಿನಿಮಾ ಹುಚ್ಚು, ಆದರೆ ದೀಪ ಆರಿದ ಕೂಡಲೇ ಗೊರಕೆ ಹೊಡೆಯುತ್ತಾರೆ. "ನೀವು ಗೋಡೆ ಪಕ್ಕದ ಸೀಟು ತಗೊಳ್ಳಿ ಮಾಸ್ಟ್ರೇ, ತಲೆ ಒರಗಿಸ್ಕೊಳ್ಳೋಕೆ ಆಗತ್ತೆ," ಎನ್ನುತ್ತಾಳೆ ಅಕ್ಕ, ನಗುವೇ ಇಲ್ಲದ ಮುಖದಲ್ಲಿ. ಮಾಸ್ಟ್ರು ಅಂಥ ಸೀಟೇ ಹಿಡಿದು, ಸುಖವಾಗಿ ನಿದ್ದೆ ಮಾಡಿ, ಸೋಮವಾರ ಬಂದು ಸಿನಿಮಾ ಬಹಳ ಚೆನ್ನಾಗಿತ್ತು ಎನ್ನುತ್ತಾರೆ. ಅವಳು ಹೇಳಿದಂತೆ ಹೋದ ಯಾರ ಸಂಜೆಯೂ ಹಾಳಾದದ್ದನ್ನು ನಾನು ಕಾಣೆ.

ಆದರೆ ಸೋಮವಾರ ಅದಕ್ಕೆಲ್ಲ ಲೆಕ್ಕ ಒಪ್ಪಿಸಬೇಕಿತ್ತು. ಕೈ ತನ್ನ ಪಾಡಿಗೆ ಕಾಜಾ ಹಾಕುತ್ತಿದ್ದರೆ ಬಾಯಿ ಕೇಳುತ್ತಲೇ ಇರುತ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸ್ತಿತ್ತು? ಬೆಂಚು ದಾರಿಗೆ ಎಡಗಡೆನೋ ಬಲಗಡೆನೋ? ಪಕ್ಕದಲ್ಲಿ ಯಾರು ಕೂತಿದ್ರು? ಐಸ್‌ಕ್ರೀಮ್ ಮಾರೋನು ಕೂಗ್ತಿದ್ನಾ, ಗಂಟೆ ಹೊಡೀತಿದ್ನಾ? ಪೊಲೀಸರೂ ಕಳ್ಳನನ್ನು ಇಷ್ಟು ಕೇಳಲಿಕ್ಕಿಲ್ಲ. ದೋಣಿ ಹತ್ತುವಾಗ ನನ್ನ ಒಂದು ಚಪ್ಪಲಿ ನೀರಿಗೆ ಬಿದ್ದ ಕಥೆಯನ್ನಂತೂ ಅವಳು ಎಷ್ಟು ಸಲ ಹೇಳಿಸಿದಳೋ. ಯಾವ ಕಾಲಿನದು, ತೇಲಿತೋ ಮುಳುಗಿತೋ, ದೋಣಿಯವನು ಏನಂದ ಎಂದು ಕೇಳಿ ಕೇಳಿ ನನ್ನ ಜೀವ ತಿಂದಿದ್ದಳು. "ಅಷ್ಟು ಆಸೆ ಇದ್ರೆ ನೀನೇ ಬಂದು ನೋಡ್ಬಾರ್ದಾ ಅಕ್ಕ?" ಎಂದು ಒಮ್ಮೆ ರೇಗಿದ್ದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, "ಆಮೇಲೆ? ನೀರಲ್ಲಿ ಹೋದದ್ದು ಸಿಗಲಿಲ್ವಾ?" ಎಂದಳು.

ಅವಳು ಏಕೆ ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ಗಂಡ ದೂರದೂರಿಗೆ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಹಾಸಿಗೆ ಹಿಡಿದ ಅತ್ತೆಗೆ ಇವಳೇ ದಿಕ್ಕು. ಹಗಲೆಲ್ಲ ಪಕ್ಕದ ಮನೆಯವರು ಆಗಾಗ ಇಣುಕಿ ನೋಡಿದರೆ ನಡೆಯುತ್ತದೆ. ಕತ್ತಲಾಗುವ ಹೊತ್ತಿಗೆ ಮಾತ್ರ ಮುದುಕಿಗೆ ಅದೇನೋ ಭಯ. ತನ್ನ ಮನೆಯೇ ಬೇರೆ ಯಾರದ್ದೋ ಎನ್ನಿಸಿ, ಮನೆಗೆ ಹೋಗಬೇಕೆಂದು ಅಳುತ್ತಾಳಂತೆ. ಒಮ್ಮೆ ಕುರ್ಚಿಯಲ್ಲಿ ಕೂರಿಸಿ, ಇಕ್ಕಟ್ಟಿನ ಮೆಟ್ಟಿಲಲ್ಲಿ ಹೊತ್ತು ಬೀದಿಗಿಳಿಸಿದ್ದರಂತೆ. ಜನ, ಗಾಡಿ, ಗದ್ದಲ ಕಂಡು ಜೀವ ಹೋಗುವಂತೆ ಕಿರುಚಿದಳಂತೆ. ಹಾಗಾಗಿ ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ. ಇಷ್ಟನ್ನು ಅವಳು ಒಂದು ಸಲ ಹೇಳಿದ್ದು, ಮತ್ತೆ ಆ ಮಾತು ಎತ್ತಿದವಳಲ್ಲ.

ಬೇಸಿಗೆ ಪೂರ್ತಿ ಪಾರ್ಕಿನಲ್ಲಿ ಭಾನುವಾರ ಸಂಜೆ ಬ್ಯಾಂಡು ನುಡಿಸುತ್ತಾರೆ. ಈ ವರ್ಷದ ಬ್ಯಾಂಡಿನ ಕೊನೆಯ ಭಾನುವಾರ ಬರುವುದಿತ್ತು. ಆ ಶುಕ್ರವಾರ ನಾವೆಲ್ಲ ಹೇಳಿ ಮುಗಿಸಿದ ಮೇಲೆ ಇಸ್ತ್ರಿಯಣ್ಣ ಸುಮ್ಮನೆ ಬಾಯಿ ಮಾತಿಗೆ, "ನಿಮ್ಮದೇನಕ್ಕ?" ಎಂದ. ಅಕ್ಕ ಲೋಟ ಕೆಳಗಿಟ್ಟಳು.

"ನಾನೂ ಬ್ಯಾಂಡಿಗೆ ಬರ್ತೀನಿ," ಎಂದಳು. "ನಾದಿನಿ ಬಂದು ಅತ್ತೆ ಹತ್ರ ಇರ್ತೀನಿ ಅಂದಿದಾಳೆ. ಒಂದೇ ಒಂದು ಸಲ ಕಿವಿಯಾರೆ ಕೇಳ್ಬೇಕು ಅಂತ ಬಹಳ ದಿನದಿಂದ ಆಸೆ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. ಅವಳ ಸೂಜಿ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಐದು ಗಂಟೆಗೆ ಪಾರ್ಕಿನ ಗೇಟಿನಲ್ಲಿ ಎಲ್ಲರೂ ಸೇರುವುದೆಂದು ಮಾತಾಯಿತು.

ಭಾನುವಾರ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದೆ, ಫೋನು ಬಂತು. "ನಾದಿನಿಗೆ ಜ್ವರ ಅಂತೆ. ನೀವು ಮೂರು ಜನ ಹೋಗಿ ಬನ್ನಿ, ಗೇಟಲ್ಲಿ ನನಗೆ ಕಾಯ್ಬೇಡಿ," ಎಂದಳು. ಧ್ವನಿ ಎಂದಿನಂತೆಯೇ ಇತ್ತು. "ಎದುರುಗಡೆ ಕೂತ್ಕೊಳ್ಳಿ. ಹಿಂದೆ ಕೂತ್ರೆ ಕಹಳೆ ಒಂದೇ ಕೇಳ್ಸತ್ತೆ," ಎಂದೂ ಸೇರಿಸಿದಳು. ತನ್ನ ಸಂಜೆ ಕೈಬಿಟ್ಟು ಹೋದರೂ ನಮ್ಮ ಸಂಜೆಯ ಸೀಟು ಸರಿಮಾಡುತ್ತಿದ್ದಾಳಲ್ಲ ಎಂದು ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಯಾರಿಗೂ ಹೇಳದೆ ಒಂದು ತೀರ್ಮಾನ ಮಾಡಿದೆ. ನಾನು ಹೋಗಿ ಮುದುಕಿಯ ಹತ್ತಿರ ಕೂರುವುದು, ಅಕ್ಕನನ್ನು ಗೇಟಿಗೆ ಅಟ್ಟುವುದು. ಉಳಿದಿಬ್ಬರು ಅಲ್ಲಿ ಇದ್ದೇ ಇರುತ್ತಾರೆ.

ಅಕ್ಕನ ಮನೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲು ತಟ್ಟಿದರೆ, ತೆರೆದದ್ದು ಮಾಸ್ಟ್ರು. ಒಳಗೆ ಕುರ್ಚಿಯ ಮೇಲೆ ಇಸ್ತ್ರಿಯಣ್ಣ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಅಕ್ಕ ಮೂವರಿಗೂ ಬೇರೆ ಬೇರೆಯಾಗಿ ಫೋನು ಮಾಡಿದ್ದಳು. ಮೂವರೂ ಉಳಿದಿಬ್ಬರು ಗೇಟಿನಲ್ಲಿರುತ್ತಾರೆ, ತಾನೊಬ್ಬ ದೊಡ್ಡಮನಸ್ಸು ಮಾಡೋಣ ಎಂದುಕೊಂಡು ಇಲ್ಲಿಗೇ ಬಂದಿದ್ದೆವು. ವಾರ ವಾರವೂ ಕೂತು ಪ್ಲಾನು ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ನಾವು, ಹೇಳಲೇಬೇಕಾಗಿದ್ದ ಒಂದೇ ಒಂದು ಪ್ಲಾನನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆವು. ಗೇಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನಾನಿರ್ತೀನಿ, ನೀವು ಹೊರಡಿ," ಎಂದರು ಮಾಸ್ಟ್ರು. "ನಿಮಗೆ ಐದು ನಿಮಿಷಕ್ಕೆ ನಿದ್ದೆ ಬರತ್ತೆ, ನಾನಿರ್ತೀನಿ," ಎಂದ ಇಸ್ತ್ರಿಯಣ್ಣ. ಮಾತಿಗೆ ಮಾತು ಬೆಳೆಯಿತು. ನಾನು ಸುಮ್ಮನಿರುವವಳಲ್ಲ, ಇಬ್ಬರ ಮೇಲೂ ಹರಿಹಾಯ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರೂ ಇರೋದು ಬೇಡ. ಗೊತ್ತಿಲ್ಲದೋರ ಮುಖ ಕಂಡ್ರೆ ಅತ್ತೆಗೆ ಇನ್ನೂ ಹೆದರಿಕೆ ಆಗತ್ತೆ," ಎಂದು ಬೇಡಿಕೊಳ್ಳುತ್ತಿದ್ದಳು.

ಆಗ ಮಂಚದ ಮೇಲಿಂದ ತೆಳ್ಳನೆಯ ಧ್ವನಿ ಬಂತು. "ಈ ಬಾಯಿ ಗೊತ್ತು ನನಗೆ. ಇವಳೇ ಅಲ್ವೇನೇ, ದೋಣಿ ಹತ್ತೋವಾಗ ಚಪ್ಪಲಿ ನೀರಿಗೆ ಹಾಕಿದ್ದು? ಎಡಗಾಲಿಂದು. ಅವತ್ತು ನಮ್ಮ ಜೊತೆ ಬಂದಿದ್ಲಲ್ಲ."

ಮುದುಕಿ ಒಂದೊಂದೇ ಮುಖವನ್ನು ದಿಟ್ಟಿಸಿದಳು. "ನಿನ್ನ ಹೆಂಡತಿ ಮಂಡಿ ಹೇಗಿದೆಯಪ್ಪ? ಮರದ ಕೆಳಗೆ ನಮ್ಮ ಪಕ್ಕದಲ್ಲೇ ಕೂತಿದ್ಲು, ಪಾಪ," ಎಂದು ಇಸ್ತ್ರಿಯಣ್ಣನನ್ನು ಕೇಳಿದಳು. ಮಾಸ್ಟ್ರ ಕಡೆ ತಿರುಗಿ, "ಇವರ ಗೊರಕೇಲಿ ಆವತ್ತು ಒಂದು ಮಾತೂ ಕೇಳಿಸಲಿಲ್ಲ," ಎಂದಳು.

ನಾವು ಅಕ್ಕನ ಮುಖ ನೋಡಿದೆವು. ಅವಳು ನೆಲ ನೋಡಿದಳು.

"ಕತ್ತಲಾಗ್ತಿದ್ದ ಹಾಗೆ ಎಲ್ಲಾದ್ರೂ ಹೋಗೋಣ ಬನ್ನಿ ಅಂದ್ರೆ ಸಮಾಧಾನ ಆಗ್ತಾರೆ," ಎಂದಳು ಮೆಲ್ಲಗೆ. "ಕೈ ಹಿಡ್ಕೊಂಡು ಕೂತು, ಈಗ ಗೇಟು ಬಂತು, ಈಗ ಮರ ಬಂತು ಅಂತ ಹೇಳ್ತಾ ಹೋಗ್ತೀನಿ. ನಾನು ಎಲ್ಲಿ ಏನು ನೋಡಿದೀನಿ ಹೇಳೋಕೆ? ನೀವು ನೋಡಿ ಬಂದಿದ್ದೇ ನಮಗೆ ತಿರುಗಾಟ. ಸುಳ್ಳು ಸೇರಿಸಿದ್ರೆ ಹಿಡಿದುಬಿಡ್ತಾರೆ. ಹೋದ ಸಲ ಬೆಂಚು ಎಡಗಡೆ ಇತ್ತು, ಇವತ್ತು ಬಲಗಡೆ ಹೇಗೆ ಬಂತು ಅಂತ ಕೇಳ್ತಾರೆ. ಆಮೇಲೆ ಮತ್ತೆ ಹೆದರಿಕೆ ಶುರು."

ಇಷ್ಟು ಕಾಲ ನನ್ನ ಜೀವ ತಿಂದ ಪ್ರಶ್ನೆಗಳೆಲ್ಲ ಆ ಮಂಚದ ಪಕ್ಕಕ್ಕೆ ಬಂದು ನಿಂತವು. ಇಂಥವಳನ್ನು ಮೆಚ್ಚದೆ ಇನ್ನಾರನ್ನು ಮೆಚ್ಚಲಿ? ಮನೆ, ಅಂಗಡಿ ಬಿಟ್ಟು ಕದಲದ ಹೆಂಗಸು ಊರೆಲ್ಲವನ್ನೂ ಹೊತ್ತು ತಂದು, ದಿನಾ ಸಂಜೆ ಈ ಕೋಣೆಯಲ್ಲಿ ಇಳಿಸುತ್ತಿದ್ದಳು.

"ನಾವು ಗೊತ್ತಿಲ್ಲದೋರು ಅಲ್ವಲ್ಲ ಮತ್ತೆ," ಎಂದೆ. "ಹೊರಡು ಅಕ್ಕ. ಮಾಸ್ಟ್ರೇ, ಅಣ್ಣ, ನೀವೂ ಎದ್ದೇಳಿ."

"ಕತ್ತಲಾದ ಮೇಲೆ ನಿನ್ನ ಕೈಲಿ ಆಗಲ್ಲ ಜಿಪ್ಪಮ್ಮ."

"ನನ್ನ ಬಾಯಿ ಎಲ್ಲಾದ್ರೂ ಸೋತಿದ್ದು ನೋಡಿದೀಯಾ?"

ಹೊಸ ಬಟ್ಟೆಯನ್ನು ಅವಳು ಬೆಳಿಗ್ಗೆಯೇ ಉಟ್ಟಿದ್ದಳು, ಜ್ವರದ ಸುದ್ದಿ ಬಂದ ಮೇಲೂ ಬದಲಿಸಿರಲಿಲ್ಲ. ಕೈಚೀಲ ಎತ್ತಿಕೊಂಡು ಹೊಸಿಲು ದಾಟಿದಳು. "ನನ್ನ ಬಿಟ್ಟು ಎಲ್ಲಿಗೆ ಹೋಗ್ತಿದಾಳೆ ಇವಳು?" ಎಂದು ಮುದುಕಿ ಕೂಗಿದಳು. ಮೆಟ್ಟಿಲ ಮೇಲೆ ಹೆಜ್ಜೆ ನಿಂತಿತು. ಇನ್ನೊಂದು ಕ್ಷಣ ಕಳೆದಿದ್ದರೆ ವಾಪಸು ಬಂದೇಬಿಡುತ್ತಿದ್ದಳು.

"ಬ್ಯಾಂಡಿಗೆ ಬಹಳ ಜನ ಬರ್ತಾರಲ್ಲ ಅಜ್ಜಿ," ಎಂದು ನಾನು ಗಟ್ಟಿಯಾಗಿ ಹೇಳಿದೆ. "ನಿಮಗೆ ಜಾಗ ಹಿಡಿಯೋಕೆ ಅವಳು ಮುಂಚೆ ಹೋಗ್ತಿದಾಳೆ."

ಬಾಯಿಗೆ ಬಂದದ್ದು ಹೇಳಿದ್ದೆ ಅಷ್ಟೆ. ಮೂವರ ಹೆಜ್ಜೆಗಳೂ ಕೆಳಗಿಳಿದವು.

ಕಿಟಕಿಯ ಬೆಳಕು ಕಂದುತ್ತಿದ್ದಂತೆ ಮುದುಕಿಯ ಕಣ್ಣುಗಳು ಗೋಡೆಯಿಂದ ಗೋಡೆಗೆ ಓಡತೊಡಗಿದವು. "ಇದು ಯಾರ ಮನೆ? ನಮ್ಮನೆಗೆ ಕರ್ಕೊಂಡು ಹೋಗು," ಎಂದು ನನ್ನ ಮಣಿಕಟ್ಟು ಹಿಡಿದಳು. ಆ ಮೂಳೆಬೆರಳುಗಳಿಗೆ ಎಲ್ಲಿಂದ ಬಂದಿತ್ತೋ ಅಷ್ಟು ಬಲ. "ಪಾರ್ಕಿಗೆ ಹೋಗೋಣ ಬನ್ನಿ ಅಜ್ಜಿ," ಎಂದು ಶುರು ಮಾಡಿದೆ. "ಇಗೋ, ಹಿಂದಿನ ಗೇಟು ಬಂತು."

"ಹಿಂದಿನ ಗೇಟು ಕೆರೆಗೆ," ಎಂದಳು ಮುದುಕಿ.

"ಹೌದೌದು. ಮುಂದಿನ ಗೇಟು. ಇಲ್ಲೊಂದು ಕಾರಂಜಿ ಇದೆ."

"ಅದರಲ್ಲಿ ನೀರು ಬರಲ್ಲ. ಕಂಬಿ ಹಿಡ್ಕೊ, ಅಲ್ಲೊಂದು ಕಲ್ಲು ಎದ್ದಿದೆ."

ನಾನು ಎಷ್ಟೋ ಸಲ ಎಡವಿದ ಕಲ್ಲು ಅದು. ಅಲ್ಲಿಂದ ಮುಂದೆ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಹಿಡಿತ ನಿಧಾನವಾಗಿ ಸಡಿಲವಾಯಿತು. ನಾನು ಕಣ್ಣಿದ್ದೂ ನೋಡದೆ ಬಂದ ಪಾರ್ಕನ್ನು, ಕಾಲೂರಲಾಗದ ಮುದುಕಿ ಒಂದೊಂದೇ ಬೆಂಚು ತೋರಿಸುತ್ತ ನಡೆಸುತ್ತಿದ್ದಳು. ಬೀದಿಯ ದೀಪ ಹೊತ್ತಿಕೊಂಡಾಗಲೂ ನಾವು ಅಲ್ಲೇ ತಿರುಗಾಡುತ್ತಿದ್ದೆವು.

ಅವರು ಮೂವರೂ ವಾಪಸು ಬಂದಾಗ ಅಕ್ಕ ನನ್ನನ್ನು ನೋಡಿ ನಕ್ಕು, ಚಪ್ಪಲಿ ಕಳಚಿದವಳೇ ನೇರ ಮಂಚದ ಬಳಿಗೆ ಹೋದಳು. ಇಸ್ತ್ರಿಯಣ್ಣ ನನ್ನನ್ನು ಮೆಟ್ಟಿಲ ಕಡೆ ಕರೆದ.

"ಇವತ್ತು ಪಾರ್ಕಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ," ಎಂದ. "ನನಗೂ ಮಾಸ್ಟ್ರಿಗೂ ನಿಂತೂ ನಿಂತೂ ಕಾಲು ಬಿದ್ದುಹೋಯ್ತು. ಎದುರಿನ ಸಾಲಲ್ಲಿ ಎರಡು ಸೀಟು ಖಾಲಿ ಸಿಕ್ಕಿತ್ತು. ಅಕ್ಕ ಒಂದರಲ್ಲಿ ಕೂತು, ಇನ್ನೊಂದರ ಮೇಲೆ ಚೀಲ ಇಟ್ಟುಬಿಟ್ಳು. ನಮಗೂ ಕೊಡಲಿಲ್ಲ. ಯಾರು ಬಂದು ಕೇಳಿದ್ರೂ ಒಂದೇ ಮಾತು. ಇಲ್ಲಿ ಜನ ಇದಾರೆ, ನಮ್ಮ ಅತ್ತೆ ಬರ್ತಾರೆ ಅಂತ. ಕೊನೇ ಹಾಡು ಮುಗಿಯೋವರೆಗೂ ಚೀಲ ಎತ್ತಲಿಲ್ಲ."

ನಾನು ತೋಚಿದಂತೆ ಹೇಳಿದ ಸುಳ್ಳನ್ನು ಅವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಮುದುಕಿ ಕೇಳುತ್ತಿದ್ದಳು, "ಜಾಗ ಸಿಕ್ತೇನೇ?"

"ಸಿಕ್ತು ಅತ್ತೆ," ಎಂದಳು ಅಕ್ಕ. "ನೀವು ನನ್ನ ಬಲಗಡೆ ಕೂತಿದ್ರಿ."